ಆಗಮನ ಕಾಲ: ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ವಾರ ನಮ್ಮ ಕೋಲಾರದ ಕಡೆ

ನವೆಂಬರ್ 30 ಸಂತ ಅಂದ್ರೆಯರ ಹಬ್ಬ. ಆ ದಿನಕ್ಕೆ ಯಾವ ಭಾನುವಾರ ಹತ್ತಿರವೋ ಅದೇ ಆಗಮನ ಕಾಲದ ಮೊದಲ ಭಾನುವಾರ. ಹಾಗಾಗಿ ಅದು ನವೆಂಬರ್ 27ಕ್ಕಿಂತ ಮುಂಚೆ ಬರುವುದಿಲ್ಲ, ಡಿಸೆಂಬರ್ 3ನ್ನು ದಾಟುವುದೂ ಇಲ್ಲ. 2025ರಲ್ಲಿ ನವೆಂಬರ್ 30ಕ್ಕೇ ಬಿತ್ತು. 2026ರಲ್ಲಿ 29ಕ್ಕೆ, 2027ರಲ್ಲಿ 28ಕ್ಕೆ. ಭಾನುವಾರಗಳು ಯಾವ ವರ್ಷವೂ ನಾಲ್ಕೇ. ದಿನಗಳು ಮಾತ್ರ 22ರಿಂದ 28ರವರೆಗೆ ಹಿಗ್ಗುತ್ತವೆ, ಕುಗ್ಗುತ್ತವೆ. ಜನರಿಗೆ ಧರ್ಮಪಾಠ ಹೇಳುವ ಉಪದೇಶಿಯಾದವನು ಈ ಲೆಕ್ಕವನ್ನು ಅಕ್ಟೋಬರ್‌ನಲ್ಲೇ ಹಾಕಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ. ಹಾಕದಿದ್ದರೆ ಮೊದಲ ವಾರ ಮೇಣದಬತ್ತಿ ಹುಡುಕುವುದರಲ್ಲೇ ಕಳೆದುಹೋಗುತ್ತದೆ.

ಕಥೋಲಿಕ ಧರ್ಮಕೇಂದ್ರದಲ್ಲೂ (ಗುರುಗಳಿರುವ ದೇವಾಲಯ) ಅದಕ್ಕೆ ಸೇರಿದ ಹಳ್ಳಿಯ ಉಪಕೇಂದ್ರಗಳಲ್ಲೂ ಈ ಕಾಲವನ್ನು ನಡೆಸಿಕೊಂಡು ಬಂದ ನಮಗೆ ಎದುರಾಗುವ ಕಷ್ಟ ಒಂದೇ. ಜನ ಇದನ್ನು ಕ್ರಿಸ್ಮಸ್ಸಿನ ಮೊದಲ ಭಾಗ ಅಂದುಕೊಂಡಿದ್ದಾರೆ. ಡಿಸೆಂಬರ್ ಒಂದಕ್ಕೆ ಸ್ಟಾರ್ ಕಟ್ಟಿ, ಐದಕ್ಕೆ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ದೃಶ್ಯ) ಇಟ್ಟು, ಹತ್ತಕ್ಕೆ ಕ್ಯಾರಲ್ ಮುಗಿಸಿದರೆ 25ರ ಹೊತ್ತಿಗೆ ಹಬ್ಬದ ಸಪ್ಪೆಯಷ್ಟೇ ಉಳಿಯುತ್ತದೆ. ಆಗಮನ ಕಾಲಕ್ಕೆ ಅದರದೇ ಆದ ಕೆಲಸ ಇದೆ. ಆ ಕೆಲಸದ ಅರ್ಧ ಯೇಸು ಹುಟ್ಟಿದ ಬೆತ್ಲೆಹೇಮಿಗೆ ಸಂಬಂಧಪಟ್ಟದ್ದೇ ಅಲ್ಲ.

ಹನ್ನೆರಡನೇ ಶತಮಾನದಲ್ಲಿ ಕ್ಲೇರ್ವೋ ಮಠದ ಸಂತ ಬರ್ನಾರ್ಡರು ಪ್ರಭುವಿನ ಮೂರು ಆಗಮನಗಳನ್ನು ಹೇಳಿದರು. ಮನುಷ್ಯರಾಗಿ ಹುಟ್ಟಿ ಬಂದದ್ದು ಒಂದು, ಕಡೆಯ ಕಾಲದಲ್ಲಿ ಮಹಿಮೆಯಿಂದ ಬರುವುದು ಇನ್ನೊಂದು. ಇವೆರಡರ ನಡುವೆ, ಕಣ್ಣಿಗೆ ಕಾಣದೆ, ಈಗ ನಮ್ಮ ಎದೆಯೊಳಗೆ ಬರುವುದು ಮೂರನೆಯದು. ಮಕ್ಕಳಿಗೆ ಪಾಠ ಮಾಡುವಾಗ ನಾವು ಹಲಗೆಯ ಮೇಲೆ ಬರೆಯುವುದು ಈ ಮೂರನ್ನೇ. ಧರ್ಮಸಭೆಯ ಪೂಜಾವಿಧಿಯೂ ಇದಕ್ಕೆ ತಕ್ಕಂತೆ ಕಾಲವನ್ನು ಎರಡು ಪಾಲು ಮಾಡಿದೆ. ಮೊದಲ ಭಾನುವಾರದಿಂದ ಡಿಸೆಂಬರ್ 16ರವರೆಗೆ ನೋಟ ಪ್ರಭುವಿನ ಎರಡನೆಯ ಬರುವಿಕೆಯ ಕಡೆ. 17ರಿಂದ 24ರವರೆಗೆ ಬೆತ್ಲೆಹೇಮಿನ ಕಡೆ. ಬಲಿಪೂಜೆಯಲ್ಲಿ ಗುರುಗಳು ಹೇಳುವ ಪೀಠಿಕಾ ಪ್ರಾರ್ಥನೆಯೂ 17ಕ್ಕೆ ಬದಲಾಗುತ್ತದೆ, ಕಿವಿಗೊಟ್ಟರೆ ತಿಳಿಯುತ್ತದೆ. ಈ 17ನೇ ತಾರೀಖನ್ನು ನಾವು ಬೇಲಿಯ ಹಾಗೆ ಹಿಡಿದಿದ್ದೇವೆ. ಗೋದಲಿ, ಕ್ಯಾರಲ್, ಸ್ಟಾರ್ ಎಲ್ಲ ಅದರಾಚೆಗೆ.

ಮೊದಲ ಭಾನುವಾರದ ಶುಭಸಂದೇಶ (ಯೇಸುವಿನ ಬದುಕು, ಮಾತು ಹೇಳುವ ಬೈಬಲ್ ಭಾಗ) ಕೇಳಿದ ಹೊಸಬರು ಬೆಚ್ಚಿಬೀಳುತ್ತಾರೆ. ಶಿಶು ಇಲ್ಲ, ಕುರುಬರಿಲ್ಲ. ಸೂರ್ಯ ಚಂದ್ರರಲ್ಲಿ ಸೂಚನೆಗಳು, ನೋವನ ಕಾಲದ ಪ್ರಳಯ, ಎಚ್ಚರವಾಗಿರಿ ಎಂಬ ಮಾತು. ವಾಚನಗಳು ಮೂರು ವರ್ಷಕ್ಕೊಮ್ಮೆ ಸುತ್ತುತ್ತವೆ: ಒಂದು ವರ್ಷ ಮತ್ತಾಯ, ಮರುವರ್ಷ ಮಾರ್ಕ, ಅದರ ಮರುವರ್ಷ ಲೂಕ. 2025ರ ಆಗಮನ ಕಾಲಕ್ಕೆ ಮತ್ತಾಯನ ವರ್ಷ ಶುರುವಾಯಿತು, 2026ರದಕ್ಕೆ ಮಾರ್ಕನದು. ಯಾವ ವರ್ಷವಾದರೂ ಕ್ರಮ ಒಂದೇ. ಮೊದಲ ವಾರ ಕಡೆಯ ಕಾಲ, ಎರಡನೇ ಮತ್ತು ಮೂರನೇ ವಾರ ಯೇಸುವಿಗೆ ಮುಂಚೆ ಬಂದು ದಾರಿ ಸಿದ್ಧಮಾಡಿದ ಸ್ನಾನಿಕ ಯೊವಾನ್ನ, ನಾಲ್ಕನೇ ವಾರ ಮಾತ್ರ ಜೋಸೆಫರು ಅಥವಾ ಮರಿಯಮ್ಮನವರು. ಇದನ್ನು ಒಂದು ಚೀಟಿಯಲ್ಲಿ ಬರೆದು ದೇವಾಲಯದ ಬಾಗಿಲಿಗೆ ಅಂಟಿಸಿದರೆ ಪ್ರಬೋಧನೆಯ ಅರ್ಧ ಕೆಲಸ ಆದ ಹಾಗೆ.

ಸ್ನಾನಿಕ ಯೊವಾನ್ನರ ಮಾತು ನಮ್ಮ ಸೀಮೆಗೆ ಹೇಳಿ ಮಾಡಿಸಿದಂತಿದೆ. "ಮೊರ ಅವರ ಕೈಯಲ್ಲಿದೆ, ಕಣವನ್ನು ಹಸನು ಮಾಡುವರು" ಎಂಬ ಅರ್ಥದ ಮಾತು ಮತ್ತಾಯನ ವರ್ಷದಲ್ಲಿ ಎರಡನೇ ಭಾನುವಾರ ಬರುತ್ತದೆ, ಲೂಕನ ವರ್ಷದಲ್ಲಿ ಮೂರನೇ ಭಾನುವಾರ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಹೊಲಗಳಲ್ಲಿ ರಾಗಿ ಕೊಯ್ದು ಕಣಕ್ಕೆ ತರುವುದೂ ಅದೇ ಹೊತ್ತಿಗೆ. ಈಗ ಎಷ್ಟೋ ಕಡೆ ಟಾರು ರಸ್ತೆಯ ಮೇಲೆ ಹರಡಿ ಲಾರಿ ಬಸ್ಸುಗಳಿಂದ ತುಳಿಸುತ್ತಾರೆ, ಇಲ್ಲವೇ ಮಿಷನ್ನಿಗೆ ಕೊಡುತ್ತಾರೆ. ಪಟ್ಟಣದ ಮಕ್ಕಳು ಕಣವನ್ನೇ ಕಂಡಿರುವುದಿಲ್ಲ. ಆ ವಾರದ ಪಾಠವನ್ನು ನಾವು ಕೊಠಡಿಯಲ್ಲಿ ಮಾಡುವುದಿಲ್ಲ. ಹತ್ತಿರದ ಹೊಲಕ್ಕೆ ಸಂಜೆ ನಾಲ್ಕರ ಸುಮಾರಿಗೆ ಕರೆದುಕೊಂಡು ಹೋಗುತ್ತೇವೆ, ಗಾಳಿ ಬೀಸುವ ಹೊತ್ತಿಗೆ. ಮೊರ ಎತ್ತಿ ತೂರಿದಾಗ ಕಾಳು ಕಾಲ ಬುಡಕ್ಕೇ ನೇರ ಬೀಳುತ್ತದೆ, ಹೊಟ್ಟು ಮಾರು ದೂರ ಹೋಗಿ ಕೂರುತ್ತದೆ. ಗಾಳಿ ಬಿದ್ದುಹೋದರೆ ತೂರುವವನು ಮೊರ ಇಳಿಸಿ ಸುಮ್ಮನೆ ಕಾಯುತ್ತಾನೆ. ಈ ವಾಕ್ಯವನ್ನು ಬೆದರಿಕೆಯಾಗಿ ಬೋಧಿಸುವವರು ಬಹಳ. ನನಗೆ ಅದು ಒಪ್ಪುವುದಿಲ್ಲ. ರೈತ ತೂರುವುದು ಹೊಟ್ಟಿನ ಮೇಲಿನ ಸಿಟ್ಟಿಗಲ್ಲ, ರಾಗಿ ಬೇಕಾಗಿರುವುದಕ್ಕೆ. ನ್ಯಾಯತೀರ್ಪು ಎಂದರೆ ನಮ್ಮೊಳಗಿನ ಕಾಳನ್ನು ಬಿಡಿಸಿಕೊಳ್ಳುವುದು ಎಂದು ಕಣದ ಅಂಚಲ್ಲಿ ನಿಂತು ಹೇಳಿದರೆ ಹತ್ತು ವರ್ಷದ ಹುಡುಗನಿಗೂ ಹತ್ತುತ್ತದೆ.

ಮತ್ತಾಯನ ವರ್ಷದ ಮೂರನೇ ಭಾನುವಾರ ಯಕೋಬನ ಪತ್ರದ ಐದನೇ ಅಧ್ಯಾಯ. ಭೂಮಿಯ ಫಲಕ್ಕಾಗಿ ಮುಂಗಾರು ಹಿಂಗಾರು ಎರಡನ್ನೂ ತಾಳ್ಮೆಯಿಂದ ಕಾಯುವ ರೈತನ ಮಾತು. ಶಾಶ್ವತ ನದಿಯಿಲ್ಲದ, ಕೆರೆ ತುಂಬಿದರೆ ಮಾತ್ರ ಬದುಕು ಅನ್ನುವ ಈ ಜಿಲ್ಲೆಗಳಲ್ಲಿ ಇದಕ್ಕೆ ವಿವರಣೆ ಬೇಕಿಲ್ಲ. ವಾಚನ ಓದುವುದಕ್ಕೆ ಮಳೆ ನಂಬಿ ಬಿತ್ತನೆ ಮಾಡುವ ಯಾರಾದರೂ ಹಿರಿಯರನ್ನು ನಿಲ್ಲಿಸಿ, ಸಾಕು. ಚೆನ್ನಾಗಿ ಓದುವ ಕಾಲೇಜು ಹುಡುಗಿಗೆ ಬೇರೆ ಭಾನುವಾರಗಳಿವೆ.

ಇನ್ನು ಮನೆಯ ವಿಷಯ. ಆಗಮನ ಕಾಲ ನಿಲ್ಲುವುದೂ ಬೀಳುವುದೂ ಮನೆಯಲ್ಲೇ, ಅದಕ್ಕೆ ಆಧಾರ ನಾಲ್ಕು ಬತ್ತಿಯ ಹಸಿರು ಚಕ್ರ. ಇದು ಮೂಲದಲ್ಲಿ ಕಥೋಲಿಕರದ್ದಲ್ಲ. ಲೂಥರನ್ ಪಾದ್ರಿ ಯೋಹಾನ್ ಹಿನ್ರಿಕ್ ವಿಖರ್ನ್ 1839ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ತಾವು ಸಾಕುತ್ತಿದ್ದ ಬಡ ಮಕ್ಕಳಿಗಾಗಿ ಗಾಡಿ ಚಕ್ರಕ್ಕೆ ಮೇಣದಬತ್ತಿ ನಿಲ್ಲಿಸಿದ್ದು. ವಾರದ ದಿನಗಳಿಗೆ ಚಿಕ್ಕ ಕೆಂಪು ಬತ್ತಿ, ಭಾನುವಾರಗಳಿಗೆ ದೊಡ್ಡ ಬಿಳಿ ಬತ್ತಿ. "ಕ್ರಿಸ್ಮಸ್ಸಿಗೆ ಎಷ್ಟು ದಿನ?" ಎಂದು ಕೇಳಿ ಕೇಳಿ ಕಾಡುವ ಮಕ್ಕಳಿಗೆ ಅದೇ ಉತ್ತರ. ಸಿಎಸ್‌ಐ, ಮೆಥೊಡಿಸ್ಟ್ ಮುಂತಾದ ಪ್ರಾಟೆಸ್ಟಂಟ್ ಸಭೆಗಳವರೂ ಇದನ್ನು ಮಾಡುತ್ತಾರೆ. ಕೋಲಾರದಂಥ ಊರಲ್ಲಿ ಒಂದೇ ಬೀದಿಯ ಎರಡು ಸಭೆಯ ಮನೆಗಳು ಒಟ್ಟಿಗೆ ಕೂತು ಹೊತ್ತಿಸಬಹುದಾದ ಪ್ರಾರ್ಥನೆ ಇದು.

ನಾವು ಮಾಡುವ ಬಗೆ ಹೀಗೆ. ಮಕ್ಕಳ ಹಳೇ ಸೈಕಲ್ಲಿನ ರಿಮ್ ಒಂದನ್ನು ಗುಜರಿಯಿಂದ ತಂದು ಕಡ್ಡಿಗಳನ್ನೆಲ್ಲ ಕಿತ್ತುಹಾಕಿ. ಮನೆಗೆ 12 ಇಂಚಿನದು ಸಾಕು, ದೇವಾಲಯಕ್ಕೆ ದೊಡ್ಡ ಸೈಕಲ್ಲಿನದೇ ಬೇಕು. ಬಿದಿರು ದಬ್ಬೆಗಿಂತ ಇದು ಒಳ್ಳೆಯದು, ಬೆಂಕಿ ಹತ್ತುವುದಿಲ್ಲ. ಅಗಲವಾದ ತಟ್ಟೆಯ ಮೇಲೆ ರಿಮ್ ಇಟ್ಟು, ಒಳಗಡೆ ನಾಲ್ಕು ಸ್ಟೀಲ್ ಲೋಟ ಕೂರಿಸಿ ಒದ್ದೆ ಮರಳು ತುಂಬಿ, ಬತ್ತಿಯನ್ನು ಎರಡು ಇಂಚು ಆಳಕ್ಕೆ ನೆಡಿ. ಹಸಿರಿಗೆ ಸರ್ವೆ ಸೊಪ್ಪು ನೋಡಲು ಚೆಂದ. ಆದರೆ ಒಂದೇ ವಾರದಲ್ಲಿ ಒಣಗಿ ಚುರುಚುರು ಉರಿಯುವ ಹಾಗಾಗುತ್ತದೆ. ಮಾವಿನ ಎಲೆ ಸುರಕ್ಷಿತ. ಅದನ್ನೂ ಪ್ರತಿ ಶನಿವಾರ ಬದಲಿಸಲೇಬೇಕು. ಪ್ಲಾಸ್ಟಿಕ್ ಹಸಿರನ್ನು ಬತ್ತಿಯ ಹತ್ತಿರಕ್ಕೂ ತರಬೇಡಿ.

ಬತ್ತಿಗಳು ಮೂರು ನೇರಳೆ, ಒಂದು ಗುಲಾಬಿ. ಮೊದಲ ವಾರ ಒಂದನ್ನು, ಆಮೇಲೆ ಭಾನುವಾರಕ್ಕೊಂದನ್ನು ಸೇರಿಸುತ್ತಾ ಹೊತ್ತಿಸುವುದು. ಗುಲಾಬಿ ಬತ್ತಿ ಹೊತ್ತುವುದು ಮೂರನೇ ಭಾನುವಾರ, "ಪ್ರಭುವಿನಲ್ಲಿ ಸದಾ ಆನಂದಿಸಿರಿ" ಎಂಬ ಪೌಲರ ಮಾತಿನಿಂದ ಪೂಜೆ ತೆರೆಯುವ ದಿನ. ಕಾಯುವಿಕೆಯ ಅರ್ಧ ದಾಟಿತು ಎಂದು ಧರ್ಮಸಭೆ ಸ್ವಲ್ಪ ಉಸಿರು ಬಿಡುವ ದಿನವದು. ಗುರುಗಳ ಉಡುಪೂ ಅಂದು ಗುಲಾಬಿ ಇರಬಹುದು. ನೇರಳೆ ಬತ್ತಿ ನಮ್ಮ ಪೇಟೆಗಳಲ್ಲಿ ಸಿಗುವುದು ಕಷ್ಟ. ಬೆಂಗಳೂರಿಗೆ ಹೋಗಿಬರುವವರ ಕೈಲಿ ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕದ ಸುತ್ತಲಿನ ಅಂಗಡಿಗಳಿಂದ ತರಿಸಬಹುದು. ಸಿಗದಿದ್ದರೆ ಬಿಳಿ ಬತ್ತಿಗೇ ಬಣ್ಣದ ರಿಬ್ಬನ್ ಕಟ್ಟಿ, ಅದೂ ಲೋಟದ ಅಂಚಿನ ಮಟ್ಟದಲ್ಲಿ ಮಾತ್ರ. ಮೇಲೆ ಕಟ್ಟಿದರೆ ಮೂರನೇ ವಾರಕ್ಕೆ ಬೆಂಕಿ ಅಲ್ಲಿಗೆ ಇಳಿದಿರುತ್ತದೆ. ಮಕ್ಕಳ ಕ್ರೇಯಾನ್ ಕರಗಿಸಿ ಮನೆಯಲ್ಲೇ ಬಣ್ಣದ ಬತ್ತಿ ಮಾಡುವ ಉಪಾಯ ಬೇಡ. ಕ್ರೇಯಾನಿನ ಬಣ್ಣದ ಪುಡಿ ದಾರವನ್ನು ಕಟ್ಟಿಕೊಂಡು ದೀಪ ಮಿಣುಕಿ ಆರಿಹೋಗುತ್ತದೆ.

ಅಳತೆಯಲ್ಲಿ ಎಡವುವವರು ಬಹಳ. ಮೊದಲ ಬತ್ತಿ ಕಾಲವಿಡೀ ಉರಿಯಬೇಕು. ಒಂದು ಇಂಚು ದಪ್ಪದ ಬತ್ತಿ ಗಂಟೆಗೆ ಹೆಚ್ಚುಕಡಿಮೆ ಒಂದು ಇಂಚು ಇಳಿಯುತ್ತದೆ. ರಾತ್ರಿಗೆ 15 ನಿಮಿಷದಂತೆ 28 ದಿನಕ್ಕೆ ಏಳು ಗಂಟೆ, ಅಂದರೆ ಏಳು ಇಂಚು. ಮರಳಿನೊಳಗಿನ ಎರಡು ಇಂಚು ಸೇರಿಸಿದರೆ ಒಂಬತ್ತು, ಹತ್ತು ಇಂಚಿನ ಬತ್ತಿ ತಂದರೆ ಚಿಂತೆಯಿಲ್ಲ. ದಾರವನ್ನು ಕಾಲು ಇಂಚಿಗೆ ಕತ್ತರಿಸಿಕೊಳ್ಳಿ, ಫ್ಯಾನ್ ಆರಿಸಿ. ಇಲ್ಲದಿದ್ದರೆ ಒಂದೇ ಪಕ್ಕ ಸೋರಿ ಅರ್ಧ ಮೇಣ ತಟ್ಟೆಯ ಪಾಲು. ನಾಲ್ಕನೇ ವಾರ ನಾಲ್ಕೂ ಬತ್ತಿ ಬೇರೆ ಬೇರೆ ಎತ್ತರದಲ್ಲಿ ನಿಂತಿರುತ್ತವೆ, ಮೊದಲನೆಯದು ಗಿಡ್ಡ, ಕೊನೆಯದು ಉದ್ದ. ಅದನ್ನು ಸರಿಮಾಡಲು ಹೊಸ ಬತ್ತಿ ನೆಡುವವರಿದ್ದಾರೆ. ನೆಡಬೇಡಿ, ಕಾದ ದಿನಗಳ ಲೆಕ್ಕ ಅಲ್ಲೇ ಕಾಣುತ್ತಿರುತ್ತದೆ.

ಪ್ರಾರ್ಥನೆಯ ಹೊತ್ತು ಊರಿನ ದುಡಿಮೆ ನೋಡಿ ಇಡಬೇಕು. ಕೆಜಿಎಫ್ ಕಡೆಯ ಮನೆಗಳಲ್ಲಿ ಬೆಳಕು ಹರಿಯುವ ಮುಂಚೆಯೇ ಬೆಂಗಳೂರಿನ ರೈಲು ಹಿಡಿಯುವವರಿರುತ್ತಾರೆ, ಮರಳಿ ಮನೆ ಸೇರುವಾಗ ರಾತ್ರಿಯಾಗಿರುತ್ತದೆ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಅಲ್ಲಿನ ಬದುಕೇ ರೈಲಿನ ಮೇಲೆ. ಆರೂವರೆಗೆ ಕೌಟುಂಬಿಕ ಪ್ರಾರ್ಥನೆ ಎಂದು ಪ್ರಕಟಣೆ ಕೊಟ್ಟರೆ ಅಜ್ಜಿಯೂ ಮಕ್ಕಳೂ ಮಾತ್ರ ಇರುತ್ತಾರೆ. ಊಟಕ್ಕೆ ಕೂರುವ ಮುಂಚೆ, ಎಷ್ಟು ಹೊತ್ತಾದರೂ ಸರಿ, ಎಲ್ಲರೂ ಬಂದ ಮೇಲೆ ಎಂಬುದು ನಮ್ಮ ಕಟ್ಟಳೆ. ಲೈಟ್ ಆರಿಸಿ, ಮನೆಯ ಕಿರಿಯವನ ಕೈಲಿ ಬತ್ತಿ ಹೊತ್ತಿಸಿ. ಅಂದಿನ ಶುಭಸಂದೇಶವನ್ನು ಒಬ್ಬರು ನಿಧಾನ ಓದಲಿ. ಎರಡು ನಿಮಿಷ ಯಾರೂ ಮಾತಾಡಬಾರದು. ಆಮೇಲೆ ಒಬ್ಬೊಬ್ಬರದು ಒಂದೊಂದೇ ಕೋರಿಕೆ. ಕೊನೆಗೆ ಪ್ರಕಟನಾ ಗ್ರಂಥದ ಕಡೆಯ ಸಾಲುಗಳಲ್ಲಿರುವ ಮಾತು, "ಬನ್ನಿ, ಪ್ರಭು ಯೇಸುವೇ." ಅಷ್ಟೇ. ಜಪಸರ, ಸ್ತುತಿಮಾಲೆ, ನಾಲ್ಕು ಹಾಡು ಎಲ್ಲ ಸೇರಿಸಿದ ಮನೆಗಳಲ್ಲಿ ಇದು ಎರಡನೇ ವಾರ ದಾಟುವುದಿಲ್ಲ. ಎರಡು ನಿಮಿಷದ ಮೌನವೇ ಕಷ್ಟದ ಭಾಗ. ಮೊದಲ ಮೂರು ದಿನ ಮಕ್ಕಳು ನಗುತ್ತಾರೆ. ನಗಲಿ. ಅದನ್ನು ಬಿಟ್ಟು ಹಾಡು ಹಿಡಿದರೆ ಬರ್ನಾರ್ಡರು ಹೇಳಿದ ನಡುವಿನ ಆಗಮನಕ್ಕೆ ಜಾಗವೇ ಉಳಿಯುವುದಿಲ್ಲ.

ಡಿಸೆಂಬರ್ 17ರಿಂದ 23ರವರೆಗೆ ಸಂಜೆಯ ಪ್ರಾರ್ಥನೆಯಲ್ಲಿ ಧರ್ಮಸಭೆ ಪ್ರಭುವನ್ನು ದಿನಕ್ಕೊಂದು ಹೆಸರಿನಿಂದ ಕರೆಯುತ್ತದೆ, ಬಹಳ ಪುರಾತನ ಕರೆಗಳು. ಓ ದಿವ್ಯಜ್ಞಾನವೇ, ಓ ಇಸ್ರಯೇಲಿನ ಒಡೆಯರೇ, ಓ ಇಷಾಯನ ಬೇರೇ, ಓ ದಾವೀದನ ಬೀಗದ ಕೈಯೇ, ಓ ಉದಯಸೂರ್ಯರೇ, ಓ ಜನಾಂಗಗಳ ಅರಸರೇ, ಓ ಇಮ್ಮಾನುವೇಲರೇ. ಕೊನೆಗೆಲ್ಲ ಒಂದೇ ಮೊರೆ: ಬನ್ನಿ. ಆ ಏಳು ರಾತ್ರಿ ಮನೆಯಲ್ಲೂ ಕೋರಿಕೆಗೆ ಮುಂಚೆ ಅಂದಿನ ಹೆಸರನ್ನು ಹೇಳಿಸುತ್ತೇವೆ. 20ರಂದು ಬೀಗದ ಕೈ. ಸೆರೆಯಲ್ಲಿರುವವರು, ಕುಡಿತ ಬಿಡಲಾಗದವರು, ಸಾಲದಲ್ಲಿ ಸಿಕ್ಕವರು ಅಂದಿನ ಕೋರಿಕೆಗೆ ಬರುತ್ತಾರೆ, ಯಾರೂ ಹೇಳಿಕೊಡಬೇಕಿಲ್ಲ. ಉದಯಸೂರ್ಯನ ಹೆಸರು 21ಕ್ಕೆ, ವರ್ಷದಲ್ಲೇ ಹಗಲು ಅತಿ ಚಿಕ್ಕದಾಗುವ ಹೊತ್ತಿಗೆ. ಇಷಾಯ ಅರಸ ದಾವೀದನ ತಂದೆ. ಅವನ ಬೇರಿನ ದಿನ ಮಕ್ಕಳಿಗೆ ಕಡಿದ ನೀಲಗಿರಿಯ ಮೋಟನ್ನು ತೋರಿಸಿ. ಬುಡದಿಂದ ಚಿಗುರು ಹೊರಟಿರುತ್ತದೆ. ಇಷಾಯನ ಬುಡದಿಂದ ಚಿಗುರು ಒಡೆಯುವುದು ಎಂಬ, ಪ್ರವಾದಿ ಯೆಶಾಯನ ಹನ್ನೊಂದನೇ ಅಧ್ಯಾಯದ ಮೊದಲ ಸಾಲು ಕಣ್ಣೆದುರೇ ನಿಂತಿರುತ್ತದೆ.

ದೇವಾಲಯದೊಳಗಿನ ನಿಯಮಗಳು ಹೆಚ್ಚಿಲ್ಲ. ಉಡುಪು ನೇರಳೆ. ಭಾನುವಾರಗಳಲ್ಲಿ ಮಹಿಮಾ ಗೀತೆ ಇಲ್ಲ, ಕ್ರಿಸ್ಮಸ್ ರಾತ್ರಿ ದೇವದೂತರ ಆ ಗೀತೆ ಹೊಸದಾಗಿ ಕೇಳಿಸಲಿ ಎಂದು. ಅಲ್ಲೆಲೂಯ ಇರುತ್ತದೆ, ಅದನ್ನು ಬಿಡಬಾರದು, ಇದು ಈಸ್ಟರಿಗೆ ಮುಂಚಿನ ತಪಸ್ಸು ಕಾಲವಲ್ಲ. ಪೀಠದ ಹೂವು, ವಾದ್ಯ ಎರಡೂ ಮಿತವಾಗಿ. ಡಿಸೆಂಬರ್ 8ರ ಮರಿಯಮ್ಮನವರ ಅಮಲೋದ್ಭವದ (ಜನ್ಮಪಾಪದ ಕಲೆಯಿಲ್ಲದೆ ತಾಯಿಯ ಗರ್ಭದಲ್ಲಿ ಮೂಡಿದ್ದರ) ಮಹೋತ್ಸವಕ್ಕೆ ಬಿಳಿ ಉಡುಪು, ಮಹಿಮಾ ಗೀತೆ ಎಲ್ಲ ಉಂಟು. ಗಾನವೃಂದದವರು ಇಲ್ಲಿ ತಪ್ಪುತ್ತಾರೆ, ಒಂದು ದಿನ ಹಾಡಿದ ರುಚಿಗೆ ಮುಂದಿನ ಭಾನುವಾರವೂ ಶುರುಮಾಡಿಬಿಡುತ್ತಾರೆ. ಕ್ರಿಸ್ಮಸ್ ಹಾಡುಗಳ ಅಭ್ಯಾಸವನ್ನು ಪೂಜೆಗೆ ಮುಂಚೆ ದೇವಾಲಯದೊಳಗೆ ಇಟ್ಟುಕೊಳ್ಳಬೇಡಿ. ಶಾಲೆಯ ಕೊಠಡಿಗೆ ಕಳಿಸಿ.

ಮುಂಜಾನೆಯ ಪೂಜೆ ಬಗ್ಗೆ ಒಂದು ಮಾತು. ಆಗಮನ ಕಾಲದ ಶನಿವಾರಗಳಲ್ಲಿ ಮರಿಯಮ್ಮನವರ ಗೌರವಾರ್ಥ, ಬೆಳಕು ಹರಿಯುವ ಮುಂಚೆ, ಬರೀ ಮೇಣದಬತ್ತಿಯ ಬೆಳಕಲ್ಲಿ ಪೂಜೆ ಮಾಡುವ ಹಳೇ ಪದ್ಧತಿ ಯೂರೋಪಿನದು. ಆಕಾಶ ಮೇಲಿನಿಂದ ನೀತಿಯನ್ನು ಸುರಿಸಲಿ ಎಂಬ ಯೆಶಾಯನ ಮಾತು ಅದಕ್ಕೆ ಆರಂಭ. ಧನುರ್ಮಾಸದಲ್ಲಿ ನಸುಕಿಗೇ ಎದ್ದು ಗುಡಿಗೆ ಹೋಗುವ ನೆರೆಹೊರೆ ಇರುವ ನಮ್ಮೂರುಗಳಲ್ಲಿ ಇದು ಪರಕೀಯ ಅನ್ನಿಸುವುದಿಲ್ಲ. ಐದೂವರೆಗೆ ಶುರುಮಾಡಿದರೆ ಪರಮಪ್ರಸಾದ ಮುಗಿಯುವಷ್ಟರಲ್ಲಿ ಕಿಟಕಿಯಲ್ಲಿ ಬೆಳಕು. ಮೇಣ ಕೈಮೇಲೆ ಬೀಳದಂತೆ ಬತ್ತಿಗೆ ಪೇಪರ್ ಕಪ್ ತೂರಿಸಿ ಕೊಡಿ. ಓದುವ ಪೀಠಕ್ಕೆ ಮಾತ್ರ ಎರಡು ಬತ್ತಿ ಹೆಚ್ಚು ಬೇಕು, ಇಲ್ಲದಿದ್ದರೆ ವಾಚಕರು ತಡವರಿಸುತ್ತಾರೆ.

ಪಾಪನಿವೇದನೆಯನ್ನು 24ರ ಸಂಜೆಗೆ ಬಿಟ್ಟರೆ ಕೆಟ್ಟಿತು. ಇರುವ ಒಬ್ಬರೇ ಗುರುಗಳಿಗೆ ನಾಲ್ಕು ಉಪಕೇಂದ್ರಗಳಿದ್ದರಂತೂ ಸಾಲು ಬೀದಿಗೆ ಬರುತ್ತದೆ, ನಿವೇದನೆ ಒಂದೊಂದು ನಿಮಿಷದ ಶಾಸ್ತ್ರವಾಗುತ್ತದೆ. ಮೂರನೇ ಭಾನುವಾರದ ವಾರದಲ್ಲಿ, ಅಕ್ಕಪಕ್ಕದ ಧರ್ಮಕೇಂದ್ರಗಳ ಗುರುಗಳನ್ನೂ ಕರೆಸಿಕೊಂಡು ಮುಗಿಸಿ. ಆತ್ಮಶೋಧನೆಗೆ ಲೂಕನ ಮೂರನೇ ಅಧ್ಯಾಯಕ್ಕಿಂತ ಒಳ್ಳೆಯ ಪಠ್ಯ ಇಲ್ಲ. ಜನ ಯೊವಾನ್ನರನ್ನು "ನಾವೇನು ಮಾಡಬೇಕು?" ಎಂದು ಕೇಳುತ್ತಾರೆ. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದು ಕೊಡಲಿ, ಸುಂಕದವನು ಗೊತ್ತುಮಾಡಿದ್ದಕ್ಕಿಂತ ಹೆಚ್ಚು ಕೀಳದಿರಲಿ, ಸಿಪಾಯಿ ಬೆದರಿಸಿ ದುಡ್ಡು ಕೀಳದೆ ಸಂಬಳದಲ್ಲಿ ತೃಪ್ತನಾಗಿರಲಿ. ನಾವು ಇದನ್ನು ಟೊಮೆಟೊ ಮಂಡಿಯ ತೂಕಕ್ಕೆ, ಕೂಲಿಯವರ ಬಾಕಿಗೆ, ಚೀಟಿ ದುಡ್ಡಿಗೆ, ಕಚೇರಿಯ ಮೇಜಿನ ಕೆಳಗಿನ ಕೈಗೆ ಎಳೆದು ತಂದು ಕೇಳಿಸುತ್ತೇವೆ. ದೂರದ ಪಾಪಗಳ ಉದ್ದ ಪಟ್ಟಿಗಿಂತ ಇದು ನಾಟುತ್ತದೆ.

ಅಂಗಿಯ ಮಾತು ಬಂತಲ್ಲ, ಕಂಬಳಿ ಹಂಚುವುದಿದ್ದರೆ ಎರಡನೇ ವಾರದೊಳಗೆ ಹಂಚಿ. ಚಳಿ ಕ್ರಿಸ್ಮಸ್ಸಿಗೆ ಕಾಯುವುದಿಲ್ಲ. ಉಪವಾಸಕ್ಕೆ ಈ ಕಾಲದಲ್ಲಿ ನಮ್ಮ ಲತೀನ್ ಪದ್ಧತಿಯಲ್ಲಿ ಕಟ್ಟುಪಾಡಿಲ್ಲ. ಐದನೇ ಶತಮಾನದಲ್ಲಿ ಟೂರ್ಸ್ ಊರಿನ ಬಿಷಪ್ ಪೆರ್ಪೆತುವಸ್ ಸಂತ ಮಾರ್ಟಿನರ ಹಬ್ಬದಿಂದ, ಅಂದರೆ ನವೆಂಬರ್ 11ರಿಂದ, ವಾರಕ್ಕೆ ಮೂರು ದಿನ ಉಪವಾಸ ವಿಧಿಸಿದ್ದರು. ಕೇರಳದ ಸಿರಿಯನ್ ಕ್ರೈಸ್ತರು ಈಗಲೂ 25 ದಿನದ ನೋಂಬು, ಅಂದರೆ ವ್ರತ, ಹಿಡಿಯುತ್ತಾರೆ. ಮನಸ್ಸಿದ್ದವರು ಬುಧವಾರ, ಶುಕ್ರವಾರ ಮಾಂಸ ಬಿಟ್ಟು ಆ ದುಡ್ಡನ್ನು ಡಬ್ಬಿಗೆ ಹಾಕಲಿ. ಡಬ್ಬಿಯನ್ನು ನಾಲ್ಕನೇ ಭಾನುವಾರವೇ ಒಡೆಯಬೇಕು. ಹಬ್ಬ ಕಳೆದ ಮೇಲೆ ಒಡೆದರೆ ಪಡೆದವರ ಮನೆಯಲ್ಲಿ ಹಬ್ಬದ ಅಡುಗೆ ಆಗಿರುವುದಿಲ್ಲ.

ಗೋದಲಿಯ ಹಸಿರಿಗೆ ರಾಗಿ ಬಿತ್ತುವುದು ಡಿಸೆಂಬರ್ 12 ಅಥವಾ 13ಕ್ಕೆ. ಒಂದೂವರೆ ಅಡಿ ಉದ್ದ, ಒಂದಡಿ ಅಗಲದ ತಟ್ಟೆಗೆ ಒಂದು ಹಿಡಿ ರಾಗಿ. ಎಂಟು ಗಂಟೆ ನೆನೆಸಿ, ಒಂದು ರಾತ್ರಿ ಬಟ್ಟೆಯಲ್ಲಿ ಕಟ್ಟಿಟ್ಟು, ಜರಡಿ ಹಿಡಿದ ಮಣ್ಣು ಗೊಬ್ಬರ ಒಂದು ಇಂಚು ಹರಡಿ ಅದರ ಮೇಲೆ ಚೆಲ್ಲಿ, ತೆಳ್ಳಗೆ ಮಣ್ಣು ಉದುರಿಸಿ. ಒದ್ದೆ ಗೋಣಿ ಎರಡು ದಿನ ಹೊದಿಸಿ, ಆಮೇಲೆ ಬಿಸಿಲಿಗೆ ಇಡಿ. ಗೋಣಿ ತೆಗೆಯದೆ ಬಿಟ್ಟರೆ ಪೈರು ಹಳದಿಯಾಗಿ ಉದ್ದ ಬೆಳೆದು ಮಲಗಿಬಿಡುತ್ತದೆ. ನೀರನ್ನು ಕೈಯಲ್ಲಿ ಚಿಮುಕಿಸಬೇಕು. ಸುರಿದರೆ ಕಾಳೆಲ್ಲ ಒಂದು ಮೂಲೆ ಸೇರಿ ಕೊಳೆಯುತ್ತವೆ. ಇಲಿ, ಅಳಿಲಿನ ಕಾಟಕ್ಕೆ ಮೇಲೊಂದು ಜಾಲರಿ. ಮಕ್ಕಳ ಕೈಗೆ ಒಬ್ಬೊಬ್ಬರಿಗೆ ಒಂದು ತಟ್ಟೆ ಕೊಟ್ಟರೆ ಕಾಯುವುದು ಏನೆಂದು ಪಾಠ ಮಾಡಬೇಕಿಲ್ಲ. ದಿನಾ ಕೆದಕಿ ನೋಡಿದವನ ತಟ್ಟೆ ಮಾತ್ರ ಬೋಳಾಗಿರುತ್ತದೆ.

ಗೋದಲಿ 17ರ ನಂತರ ಏಳಲಿ. ಬಾಲಯೇಸುವಿನ ಜಾಗ ಖಾಲಿ ಇರಲಿ, ಸ್ವರೂಪವನ್ನು 24ರ ರಾತ್ರಿಯ ಪೂಜೆಯಲ್ಲಿ ತಂದಿಡುವುದು. ಮೂವರು ಜ್ಞಾನಿಗಳನ್ನು ದೂರದ ಕಿಟಕಿಯಲ್ಲಿಟ್ಟು, ಅವರ ಹಬ್ಬದ ಭಾನುವಾರಕ್ಕೆ ತಲುಪುವಂತೆ ದಿನಕ್ಕಿಷ್ಟು ಮುಂದೆ ಸರಿಸಿ. ಕ್ಯಾರಲ್ ತಂಡ 17ಕ್ಕೆ ಹೊರಟರೆ ದಿನಕ್ಕೊಂದು ಬಡಾವಣೆಯಂತೆ ಏಳು ರಾತ್ರಿ ಸಿಗುತ್ತವೆ. ಸಾಲದಿದ್ದರೆ ತಂಡ ಎರಡು ಮಾಡಿ, ತಾರೀಖು ಹಿಂದಕ್ಕೆ ಎಳೆಯಬೇಡಿ. ಕ್ರಿಸ್ಮಸ್ ತಾತನ ವೇಷದವನು ಬಾಗಿಲಲ್ಲೇ ಮಿಠಾಯಿ ಹಂಚಿ ಹೊರಗೆ ನಿಲ್ಲಲಿ, ಒಳಗೆ ಹೋಗುವುದು ಬಾಲಯೇಸುವಿನ ತೊಟ್ಟಿಲು. ಈ ವಿಷಯದಲ್ಲಿ ಯುವಕರ ಜೊತೆ ವರ್ಷಾ ವರ್ಷ ಜಗಳ ಇದ್ದದ್ದೇ.

ಡಿಸೆಂಬರ್ 24 ಭಾನುವಾರ ಬಿದ್ದ ವರ್ಷಗಳಲ್ಲಿ ವಿಶೇಷ ಎಚ್ಚರ ಬೇಕು. 2023ರಲ್ಲಿ ಹಾಗಾಯಿತು, ಮುಂದೆ 2028ರಲ್ಲಿ ಆಗುತ್ತದೆ. ಬೆಳಿಗ್ಗೆ ನಾಲ್ಕನೇ ಭಾನುವಾರದ ಪೂಜೆ, ನೇರಳೆ ಉಡುಪಿನಲ್ಲಿ. ಸಂಜೆಗೆ ಆಗಮನ ಕಾಲ ಮುಗಿದು ಕ್ರಿಸ್ಮಸ್ ಶುರು. ಇವೆರಡೂ ಬೇರೆ ಬೇರೆ ಪೂಜೆಗಳು, ಒಂದರಲ್ಲಿ ಭಾಗವಹಿಸಿದರೆ ಇನ್ನೊಂದರ ಬಾಧ್ಯತೆ ತೀರುವುದಿಲ್ಲ ಎಂದು ಹಿಂದಿನ ವಾರವೇ ಪ್ರಕಟಿಸಬೇಕು. ಅಲಂಕಾರದವರು ಶನಿವಾರವೇ ಹೂವು ಕಟ್ಟಲು ಬರುತ್ತಾರೆ. ಹೂವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ನೆರಳಲ್ಲಿಡಿ, ಭಾನುವಾರ ಬೆಳಗಿನ ಪೂಜೆ ಮುಗಿಯುವವರೆಗೆ ಪೀಠದ ಹತ್ತಿರ ಏಣಿ ತರಲು ಬಿಡಬೇಡಿ. ಆ ವರ್ಷ ನಾಲ್ಕನೇ ಬತ್ತಿ ಒಂದೇ ಬೆಳಗು ಉರಿಯುತ್ತದೆ, ಹಾಗಾಗಿ ಅದಕ್ಕೆ ಗಿಡ್ಡ ಬತ್ತಿ ಸಾಕು.